ಡೋಣಿ ಕಡೆ, ಹಳ್ಳದ ಮರಳಿನಿಂದ ಬಂಗಾರ ತೆಗೆಯುತ್ತಿದ್ದ ಜಾಲಗಾರರ ಮನೆತನ ಗೊತ್ತಿದ್ದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ್ರಿ. ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಬುಡಕ್ಕೆ ನಮ್ಮ ಹೊಲ ಇದೆ. ಜೋಳ, ಕಡಲೆ, ಕಾಯಿಪಲ್ಲೆ, ಎರಡು ಎಮ್ಮೆ. ಸಂತೆಯಿಂದ ಉಪ್ಪು, ಬೆಲ್ಲ, ಚಹಾಪುಡಿ ಬಿಟ್ಟರೆ ಜಾಸ್ತಿ ಏನೂ ತರುವುದಿಲ್ಲ.

ಯುಗಾದಿ ಹೊತ್ತಿಗೆ ಸುಗ್ಗಿ ಮುಗಿದು ಕೈ ಖಾಲಿ. ಹೊಲದ ಅಂಚಿನ ಹಳ್ಳವೂ ಬತ್ತಿರುತ್ತದೆ. ಈ ಸಲ ಬಂಡೆ ಸಂದಿಯ ಕರಿ ಮರಳಿನಲ್ಲಿ ಹಳದಿ ಕಣ ಕಂಡವು. ಆಯಸ್ಕಾಂತಕ್ಕೆ ಕರಿ ಮರಳು ಹತ್ತಿತು, ಕಣ ಹತ್ತಲಿಲ್ಲ. ಸೂಜಿ ಮೊನೆಯಿಂದ ಒತ್ತಿದರೆ ಬಂಗಾರದಂತೆ ಹೊಳೆಯುವ ಪೈರೈಟ್ ಕಲ್ಲು ಪುಡಿಯಾಗುತ್ತದೆ, ಅಭ್ರಕ ಪದರ ಬಿಡುತ್ತದೆ, ಬಂಗಾರ ಚಪ್ಪಟೆಯಾಗುತ್ತದೆ. ನಮ್ಮವು ಕೆಲವು ಚಪ್ಪಟೆಯಾದವು! ಆದರೆ ಸಾಸಿವೆಗಿಂತ ಸಣ್ಣವು. ಶ್ರೀಮಂತರಾಗುವ ಕನಸು ಇಲ್ಲ, ನಗಬೇಡಿ.

ಈ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಬಂಗಾರ ತೆಗೆಯುತ್ತಿದ್ದರು. 1870ರ ದಶಕದಲ್ಲಿ ಭೂವಿಜ್ಞಾನಿ ಬ್ರೂಸ್ ಫೂಟ್ ಕೂಡ ಡಂಬಳ ಗುಡ್ಡಗಳ, ಅಂದರೆ ಇದೇ ಕಪ್ಪತಗುಡ್ಡ ಸಾಲಿನ ಬಂಗಾರದ ಬಗ್ಗೆ ಬರೆದಿದ್ದಾರೆ. ಆ ಮನೆತನದ ಹಿರಿಯರು ಯಾರಾದರೂ ಇದ್ದರೆ, ಮರದ ಮರಿಗೆಯಲ್ಲಿ ಮರಳು ತೊಳೆಯುವ ಕೈಚಳಕ ನೋಡುವ ಆಸೆ. ಕೇಳಿ ಬರೆದಿಟ್ಟುಕೊಳ್ಳುತ್ತೇನೆ.

1957ರ ಗಣಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಹುಡುಕುವಂತಿಲ್ಲ, ಗುಡ್ಡ 2019ರಿಂದ ವನ್ಯಜೀವಿಧಾಮ ಬೇರೆ. ಹಾಗಾಗಿ ಸುಮ್ನೆ ಅಗೆಯಲು ಹೋಗಿಲ್ಲ. ಪಟ್ಟಾ ಹೊಲದ ಮಣ್ಣಿನ ಮಾದರಿ ಪರೀಕ್ಷೆ ಮಾಡಿಸಲೂ ಅನುಮತಿ ಬೇಕಾ? ಅರ್ಜಿ ಎಲ್ಲಿ ಕೊಡಬೇಕು? ಬಂಗಾರ ಬೇರ್ಪಡಿಸಲು ಪಾದರಸ ಹಾಕಿ ನೋಡು ಅಂತ ಮಾತ್ರ ಹೇಳಬೇಡಿ, ಅದೇ ಹಳ್ಳದ ನೀರು ಎಮ್ಮೆ ಕುಡಿಯುತ್ತವೆ.

ಇನ್ನೊಂದು, ಮುಂಗಾರಿಗೆ ಜವಾರಿ ಬದನೆ, ಹೀರೆ ಬೀಜ ಬೇಕು. ಬದಲಿಗೆ ಬಿಳಿಜೋಳ ಕೊಡುತ್ತೇನೆ.