ನಾಯಿ ಒಣದ್ರಾಕ್ಷಿ ತಿಂದುಬಿಟ್ಟಿದೆ, ಬೆಳಿಗ್ಗೆವರೆಗೆ ಕಾಯಬಹುದಾ?

ಪ್ರಶ್ನೆ: ನಮ್ಮ ನಾಯಿ 8 ಕೆಜಿ ಇದೆ. ಅರ್ಧ ಗಂಟೆ ಹಿಂದೆ ಮೇಜಿನ ಮೇಲಿದ್ದ ಒಣದ್ರಾಕ್ಷಿ ಒಂದು ಹಿಡಿಯಷ್ಟು ತಿಂದಿದೆ. ಆರಾಮಾಗಿ ಓಡಾಡಿಕೊಂಡಿದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣ ಅಂತ ಮನೆಯವರು ಹೇಳುತ್ತಿದ್ದಾರೆ. ಇಂಥದ್ದು ಎದುರಿಸಿದವರು ದಯವಿಟ್ಟು ಹೇಳಿ.

ಬೀಗಲ್ ಮನೆಯವರು: ಮೊದಲು ಪಶುವೈದ್ಯರಿಗೆ ಫೋನ್ ಮಾಡಿ, ಇದನ್ನು ಆಮೇಲೆ ಓದಿ. ನಮ್ಮದೂ ಹೀಗೇ ದ್ರಾಕ್ಷಿ ತಿಂದಿತ್ತು. ಹಸಿಯಿರಲಿ, ಒಣಗಿರಲಿ, ದ್ರಾಕ್ಷಿ ನಾಯಿಯ ಕಿಡ್ನಿಗೆ ಪೆಟ್ಟು ಕೊಡಬಹುದು. ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ. ಒಂದು ನಾಯಿಗೆ ಏನೂ ಮಾಡದಷ್ಟೇ ಪ್ರಮಾಣ ಇನ್ನೊಂದರ ಜೀವಕ್ಕೆ ಕುತ್ತು ತರಬಹುದು. ಕಿಡ್ನಿಗೆ ತೊಂದರೆಯಾಗಿದ್ದು ಗೊತ್ತಾಗುವುದಕ್ಕೆ 24ರಿಂದ 72 ಗಂಟೆ ಬೇಕು. ಹಾಗಾಗಿ ಈಗ ಆಡಿಕೊಂಡಿದೆ ಅನ್ನುವುದನ್ನು ನಂಬಿ ಕೂರಬೇಡಿ. ಹೊಟ್ಟೆಯಲ್ಲಿರುವಾಗಲೇ ಹೊರಗೆ ತೆಗೆಸಿದರೆ ಅರ್ಧ ಗೆದ್ದ ಹಾಗೆ. ಮೊದಲ ಒಂದೆರಡು ಗಂಟೆ ತುಂಬಾ ಮುಖ್ಯ.

ಉಪ್ಪುನೀರು ಮಾತ್ರ ಬೇಡವೇ ಬೇಡ. ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಗಂಟಲಿಗೆ ಬೆರಳು ಹಾಕುವುದೂ ಬೇಡ. ಹಾಲು ಕುಡಿಸಿದರೆ ವಿಷ ಇಳಿಯುತ್ತದೆ ಅನ್ನುವುದೂ ಸುಳ್ಳು. ವಾಂತಿ ಮಾಡಿಸಬೇಕೋ ಬೇಡವೋ ಅಂತ ವೈದ್ಯರೇ ಹೇಳಲಿ. ಮಂಕಾಗಿರುವ ಅಥವಾ ಫಿಟ್ಸ್ ಬಂದ ನಾಯಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಹೋಗುವ ಭಯ ಇರುತ್ತದೆ.

ಎರಡು ಲ್ಯಾಬ್ ಸಾಕಿದವರು: ಹೊರಡುವಾಗ ಪ್ಯಾಕೆಟ್ ಮರೆಯದೆ ತಗೊಂಡು ಹೋಗಿ. ನಮ್ಮ ಲ್ಯಾಬ್ ಹುಡುಗಿ ಡಾರ್ಕ್ ಚಾಕೊಲೇಟ್ ತಿಂದಾಗ ಡಾಕ್ಟರ್ ಕೇಳಿದ್ದು ಮೂರೇ ಮಾತು: ತೂಕ ಎಷ್ಟು, ಎಷ್ಟು ತಿಂದಿದೆ, ಯಾವಾಗ ತಿಂದಿದೆ. ರ‍್ಯಾಪರ್ ಮೇಲೆ ಕೋಕೋ ಎಷ್ಟು ಅಂತ ಇತ್ತಲ್ಲ, ಅದರಿಂದ ಥಿಯೋಬ್ರೋಮಿನ್ (ಕೋಕೋದಲ್ಲಿರುವ, ನಾಯಿಗೆ ವಿಷವಾಗುವ ಅಂಶ) ಲೆಕ್ಕ ಹಾಕಿದರು. ಕೆಜಿ ತೂಕಕ್ಕೆ 20 ಮಿಲಿಗ್ರಾಂ ಆದರೆ ವಾಂತಿ, ಚಡಪಡಿಕೆ. 40 ದಾಟಿದರೆ ಹೃದಯದ ಬಡಿತ ಕೆಡಬಹುದು, 60ರ ಹತ್ತಿರ ಫಿಟ್ಸ್. ನಾಯಿಯ ಮೈಯಿಂದ ಅದು ತುಂಬಾ ನಿಧಾನವಾಗಿ ಹೋಗುತ್ತದೆ, ಅದಕ್ಕೇ ಅವಳನ್ನು ರಾತ್ರಿ ಅಲ್ಲೇ ಇಟ್ಟುಕೊಂಡರು. ಪಾಪ, ಒಂದು ಕಡೆ ಮಲಗಲಾರದೆ ಒದ್ದಾಡುತ್ತಿದ್ದಳು. ಈಗ ಚೆನ್ನಾಗಿದ್ದಾಳೆ.

ಪಗ್ ಅಮ್ಮ: ಸಕ್ಕರೆರಹಿತ ಚ್ಯೂಯಿಂಗ್ ಗಮ್ ಇರುವ ಮನೆಯವರು ಹುಷಾರಾಗಿರಿ. ಅದರಲ್ಲಿ ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಇದ್ದರೆ ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆ ಕುಸಿಯಬಹುದು. ತೂರಾಡುತ್ತದೆ, ಬೀಳುತ್ತದೆ. ಆಮೇಲೆ ಲಿವರ್‌ಗೂ ಏಟು. ಕೆಲವು ಪೀನಟ್ ಬಟರ್‌ಗಳಲ್ಲೂ ಇರುತ್ತದೆ, ಲೇಬಲ್ ಓದಿ. ಈರುಳ್ಳಿ, ಬೆಳ್ಳುಳ್ಳಿ ಇದಕ್ಕೆ ಉಲ್ಟಾ. ಕೆಂಪು ರಕ್ತಕಣ ಒಡೆದು ಸುಸ್ತು, ಬಿಳಿಚಿದ ವಸಡು ಕಾಣುವುದಕ್ಕೆ ಕೆಲವು ದಿನ ಬೇಕು. ಬೇಯಿಸಿದರೂ, ಪುಡಿ ಮಾಡಿದರೂ ವಿಷವೇ.

ಕೇಳಿದವರು: ತುಂಬಾ ಥ್ಯಾಂಕ್ಸ್. ಆಸ್ಪತ್ರೆಯಲ್ಲಿದ್ದೇವೆ. ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು, ದ್ರಾಕ್ಷಿ ಸುಮಾರು ಬಂತು. ಡ್ರಿಪ್ ಹಾಕಿದ್ದಾರೆ. ಮನೆಗೆ ಯಾವಾಗ ಕರಕೊಂಡು ಹೋಗಬಹುದು?

ಬೀಗಲ್ ಮನೆಯವರು: ಸದ್ಯ! ಅವರು ಹೇಳುವವರೆಗೆ ಅವಸರ ಮಾಡಬೇಡಿ. ಕ್ರಿಯಾಟಿನಿನ್ ಪರೀಕ್ಷೆ (ಕಿಡ್ನಿ ಹೇಗಿದೆ ಅಂತ ನೋಡುವ ರಕ್ತಪರೀಕ್ಷೆ) ಇವತ್ತು ಸರಿಯಿದ್ದರೂ ಮುಂದಿನ ಎರಡು ಮೂರು ದಿನ ಮತ್ತೆ ಮಾಡಿಸಬೇಕಾ ಅಂತ ಕೇಳಿ. ಮನೆಗೆ ಬಂದ ಮೇಲೆ ಎಷ್ಟು ಉಚ್ಚೆ ಹೊಯ್ಯುತ್ತದೆ ಅಂತ ಗಮನಿಸಿ. ಕಡಿಮೆಯಾದರೆ, ಊಟ ಬಿಟ್ಟರೆ, ಮತ್ತೆ ವಾಂತಿ ಮಾಡಿದರೆ ತಕ್ಷಣ ವಾಪಸ್ ಕರಕೊಂಡು ಹೋಗಿ.