ಊರವರ ಮೋಟಾರ್ ರಿಪೇರಿ ಮಾಡುತ್ತೇನೆ, ಇದನ್ನು ಸ್ಕಿಲ್ ಅಂತಾರಾ?

ಸಿಂಧನೂರು ಹುಡುಗ
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದ್ದೇನೆ, ಮಾರ್ಕ್ಸ್ ಸುಮಾರು. ಸಾಲ ಮಾಡಿಯಾದರೂ ಬೆಂಗಳೂರಲ್ಲಿ ಕಂಪ್ಯೂಟರ್ ಸೈನ್ಸ್ ಓದಿಸುತ್ತೇನೆ ಅಂತ ಅಪ್ಪ ಹೇಳುತ್ತಿದ್ದಾರೆ. ನನಗೆ ಹಾಡಲು ಬರುವುದಿಲ್ಲ, ಆಟದಲ್ಲೂ ಮುಂದಿಲ್ಲ, ನಿನ್ನಲ್ಲಿ ಏನು ಸ್ಕಿಲ್ ಇದೆ ಅಂತ ಯಾರಾದರೂ ಕೇಳಿದರೆ ಬಾಯೇ ಕಟ್ಟುತ್ತದೆ. ಹೊಲದ ಮೋಟಾರ್ ಕೆಟ್ಟರೆ ಬಿಚ್ಚಿ ನೋಡುತ್ತೇನೆ. ಅಕ್ಕಪಕ್ಕದವರು ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯುವ ಪಂಪು ತಂದರೆ ಸರಿ ಮಾಡಿಕೊಡುತ್ತೇನೆ. ಅಷ್ಟೇ.

ರಾಯಚೂರು ಅಕ್ಕ
ಅಷ್ಟೇ ಅನ್ನಬೇಡ ತಮ್ಮಾ. ಊರಲ್ಲಿ ಅಷ್ಟು ಹುಡುಗರಿದ್ದರೂ ಪಂಪು ಹಿಡಿದುಕೊಂಡು ನಿಮ್ಮ ಮನೆಗೇ ಬರುತ್ತಾರೆ ಅಲ್ವಾ? ನಮಗೆ ಸಲೀಸಾಗಿ ಬರುವ ಕೆಲಸ ನಮ್ಮ ಲೆಕ್ಕಕ್ಕೇ ಸಿಗುವುದಿಲ್ಲ. ಒಂದು ನೋಟ್‌ಬುಕ್ ಮಾಡು. ಏನು ಕೆಟ್ಟಿತ್ತು, ಸ್ಟಾರ್ಟರೋ ಕೆಪಾಸಿಟರೋ ಬೇರಿಂಗೋ, ಹೇಗೆ ಕಂಡುಹಿಡಿದೆ, ಎಷ್ಟು ಹೊತ್ತು ಹಿಡಿಯಿತು, ಯಾವುದು ಆಗಲೇ ಇಲ್ಲ, ಎಲ್ಲ ಬರಿ. ಆಗದೇ ಇದ್ದದ್ದನ್ನು ತಪ್ಪದೆ ಬರಿ, ನೀನು ಏನು ಕಲಿಯಬೇಕು ಅನ್ನುವುದು ಅಲ್ಲೇ ಇರುತ್ತದೆ.

ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲೇ ಕೃಷಿ ಎಂಜಿನಿಯರಿಂಗ್ ಬಿ.ಟೆಕ್ ಇದೆ, ನಾನು ಓದಿದ್ದು ಅದನ್ನೇ. ಟ್ರ್ಯಾಕ್ಟರ್, ಹೊಲದ ಯಂತ್ರಗಳು, ನೀರಾವರಿ ಎಲ್ಲ ಬರುತ್ತದೆ. ಆದರೆ ಗಣಿತ ತಪ್ಪುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. 371 ಜೆ ಸರ್ಟಿಫಿಕೇಟ್, ಅಂದರೆ ಕಲ್ಯಾಣ ಕರ್ನಾಟಕದವನು ಅನ್ನುವ ಕಾಗದ, ಮಾಡಿಸಿದ್ದೀಯಾ? ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸೀಟು ಮೀಸಲಿದೆ, ಕಾಗದ ಇಲ್ಲದೆ ಸುಮ್ನೆ ಕಳೆದುಕೊಳ್ಳಬೇಡ.

ತೋರಣಗಲ್ಲು ಫಿಟ್ಟರ್
ಅಕ್ಕ ಹೇಳಿದ್ದು ಸರಿ, ಆದರೆ ಕೈ ಪಳಗಿದರೆ ಮಾತ್ರ ಸಾಲದು. ನಾನೂ ಚಿಕ್ಕಂದಿನಿಂದ ಮಷಿನ್ ಬಿಚ್ಚಿದವನೇ, ಐಟಿಐ ಫಿಟ್ಟರ್ ಮಾಡಿದೆ. ಪ್ಲಾಂಟ್‌ನಲ್ಲಿ ಕೆಲಸಕ್ಕೆ ನಿಂತಾಗ ಯಂತ್ರದ ಭಾಗಗಳ ಅಳತೆ ತೋರಿಸುವ ಡ್ರಾಯಿಂಗ್ ಸರಿಯಾಗಿ ಓದಲು ಬರುತ್ತಿರಲಿಲ್ಲ. ಎಲ್ಲ ಅಂದಾಜಿನ ಮೇಲೆ ಮಾಡಿ ಅಭ್ಯಾಸ. ಜೊತೆಯವರು ಮುಂದೆ ಹೋದರು, ನಾನು ಎರಡು ವರ್ಷ ಅಲ್ಲೇ ಉಳಿದೆ. ಆಮೇಲೆ ರಾತ್ರಿ ಕೂತು ಡ್ರಾಯಿಂಗ್ ಕಲಿತೆ, ವರ್ನಿಯರ್ ಹಿಡಿದು ಅಳೆಯುವುದನ್ನು ರೂಢಿ ಮಾಡಿಕೊಂಡೆ.

ರಜೆಯಲ್ಲಿ ಸಿಂಧನೂರಲ್ಲೇ ಒಂದು ವೈಂಡಿಂಗ್ ಅಂಗಡಿಗೆ ಹೋಗು, ದುಡ್ಡು ಕೇಳಬೇಡ. ಬೆಳಗ್ಗೆಯಿಂದ ಸಂಜೆಯವರೆಗೆ ಸುಟ್ಟ ಕಾಯಿಲ್ ಬಿಚ್ಚಿ ಸುತ್ತಿದ ಮೇಲೂ ಮರುದಿನ ಹೋಗಬೇಕು ಅನಿಸುತ್ತದಾ ನೋಡು. ಡಿಪ್ಲೊಮಾ ಮಾಡಿದರೂ ನಷ್ಟವಿಲ್ಲ, ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಬಹುದು.

ಕೊಪ್ಪಳದ ತಾಯಿ
ಅಪ್ಪನ ಜೊತೆ ವಾದ ಮಾಡಬೇಡಪ್ಪ. ನನ್ನ ಮಗಳಿಗೂ ನಾನು ಹೀಗೇ ಹಟ ಹಿಡಿದಿದ್ದೆ. ಏನೂ ಬೇಡ ಅನ್ನುವ ಮಕ್ಕಳನ್ನು ಕಂಡರೆ ನಮಗೆ ಭಯವಾಗುತ್ತದೆ, ಇದು ಬೇಕು ಅಂತ ತೋರಿಸಿದರೆ ಕೇಳುತ್ತೇವೆ. ಆ ನೋಟ್‌ಬುಕ್ ಅವರ ಕೈಗೇ ಕೊಡು.

ಸಿಂಧನೂರು ಹುಡುಗ
ಅಕ್ಕಾ, ಅಣ್ಣಾ, ಅಮ್ಮಾ, ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ನೆನಪಿದ್ದಷ್ಟು ಬರೆದೆ, ಒಟ್ಟು ಹನ್ನೊಂದು ರಿಪೇರಿ ಲೆಕ್ಕಕ್ಕೆ ಬಂದವು, ಏಳು ಮೋಟಾರಿನವೇ. ಅದರಲ್ಲಿ ಕಾಯಿಲ್ ಸುಟ್ಟಿದ್ದು ಮೂರು, ಮೂರೂ ನನ್ನಿಂದ ಆಗಿರಲಿಲ್ಲ. ಸೋಮವಾರ ವೈಂಡಿಂಗ್ ಅಂಗಡಿಯಲ್ಲಿ ಕೇಳಿ ಬರುತ್ತೇನೆ.