‘ಸ್ವಿಮ್‌ಬೇಟ್’ ಎಂಬುದನ್ನು ಎರೆ ಎನ್ನಬಹುದೆ?

ಮಾನ್ಯರೆ,

ಗಾಳ ಹಾಕುವವರ ಬಾಯಲ್ಲಿ ಈಗ ಓಡಾಡುತ್ತಿರುವ ‘ಸ್ವಿಮ್‌ಬೇಟ್’ ಎಂಬ, ಮೀನಿನಂತೆ ಈಜುವ ಹುಸಿ ಎರೆಯ ಹೆಸರಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬುದು ನನ್ನ ಪ್ರಶ್ನೆ. ಕೊಪ್ಪಳದಲ್ಲಿ ಓದುತ್ತಿರುವ ನನ್ನ ಸೋದರಳಿಯನಿಗೆ ಗಾಳದ ಹುಚ್ಚು. ರಜೆ ಬಂತೆಂದರೆ ಮುನಿರಾಬಾದಿನ ಹಿನ್ನೀರಿನ ದಂಡೆಯೇ ಅವನ ಮನೆ. ಅಮೆರಿಕದವರು ಸ್ವಿಮ್‌ಬೇಟಿನಿಂದ ದೊಡ್ಡ ಬ್ಯಾಸ್ ಮೀನು ಹಿಡಿಯುವ ಬಗೆಯನ್ನು ತನ್ನ ಗೆಳೆಯರಿಗಾಗಿ ಕನ್ನಡದಲ್ಲಿ ಬರೆಯಲು ಕುಳಿತವನು ಮೂರನೆಯ ಸಾಲಿಗೇ ತಡೆದು ನಿಂತು, ಮೂವತ್ತು ವರ್ಷ ಕನ್ನಡ ಕಲಿಸಿದ ಮಾಮಾನಿಗೆ ಇಷ್ಟು ಗೊತ್ತಿರದೆ ಇದ್ದೀತೆ ಎಂಬ ನಂಬಿಕೆಯಿಂದ ಹಾಳೆಯನ್ನು ನನ್ನ ಮುಂದೆ ತಂದಿಟ್ಟ. ನಾನೂ ಅದೇ ಸಾಲಿಗೆ ನಿಂತಿದ್ದೇನೆ.

ವಸ್ತು ಯಾವುದೆಂದು ಮೊದಲು ಹೇಳಬೇಕು. ಅವನು ತರಿಸಿಕೊಂಡಿದ್ದು ಅಂಗೈಗಿಂತ ಉದ್ದದ, ಎಂಟು ಅಂಗುಲದ ಮೆತ್ತನೆಯ ಮೀನು. ಹೊಟ್ಟೆ ಬೆಳ್ಳಗೆ, ಬೆನ್ನು ಪಾಚಿ ಬಣ್ಣ, ಪಕ್ಕೆಯ ಮೇಲೆ ಗುಲಾಬಿ ಗೆರೆ; ಒಳಗೆ ಸೀಸದ ತೂಕ, ಬೆನ್ನಿನಿಂದ ಹೊರಬಂದ ಒಂದೇ ಕೊಕ್ಕೆ. ಬಾಲ ಮಾತ್ರ ಮೀನಿನದಲ್ಲ, ಬೂಟಿನ ಅಟ್ಟೆಯಂತೆ ಅಡ್ಡಲಾಗಿ ಮಡಿದಿದೆ. ನೀರು ತುಂಬಿದ ತೊಟ್ಟಿಯಲ್ಲಿ ದಾರ ಕಟ್ಟಿ ನಿಧಾನವಾಗಿ ಎಳೆದಾಗ ಆ ಅಟ್ಟೆಗೆ ನೀರು ಬಡಿದು ಬಾಲ ಎಡಕ್ಕೂ ಬಲಕ್ಕೂ ಹೊಯ್ದಾಡಿ, ಅದರ ಹಿಂದೆಯೇ ಮೈಯೆಲ್ಲ ಬಳುಕಿತು. ಇದಲ್ಲದೆ ಮರ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಎರಡು ಮೂರು ತುಂಡು ಮಾಡಿ ಕೀಲು ಹಾಕಿದ ಜಾತಿಯೂ ಉಂಟು. ಅದು ಹಾವಿನಂತೆ ಅತ್ತಿತ್ತ ಸರಿಯುತ್ತ ಬರುತ್ತದೆ.

ಈ ಸಾಧನ ಬಲಿತದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಜಲಾಶಯಗಳಲ್ಲಿ. ಅಲ್ಲಿನ ಕೆರೆಗಳಿಗೆ 1959ರಲ್ಲಿ ಫ್ಲಾರಿಡಾ ತಳಿಯ ಬ್ಯಾಸ್ ತಂದು ಬಿಟ್ಟರು. ಚಳಿಗಾಲದಲ್ಲಿ ಗಾಳದವರ ಖುಷಿಗೆಂದು ಲಾರಿಗಟ್ಟಲೆ ರೇನ್‌ಬೋ ಟ್ರೌಟ್ ಮೀನು ಸುರಿಯುವುದು ಅಲ್ಲಿನ ರೂಢಿ. ಈ ಟ್ರೌಟುಗಳನ್ನು ತಿಂದು ತಿಂದು ಬ್ಯಾಸ್ ಮೀನುಗಳು ಕೊಬ್ಬಿದವು. ಅಷ್ಟು ದೊಡ್ಡ ಊಟಕ್ಕೆ ಒಗ್ಗಿದ ಮೀನು ಬೆರಳುದ್ದದ ಹುಳುವಿಗೆ ಮೈ ಅಲುಗಿಸುವುದು ಅಪರೂಪವಾದ್ದರಿಂದ, ಟ್ರೌಟಿನಷ್ಟೇ ಗಾತ್ರದ, ಟ್ರೌಟಿನದೇ ಬಣ್ಣದ ಹುಸಿಮೀನನ್ನು ತಳದ ಹತ್ತಿರ ಮೆಲ್ಲಗೆ ಎಳೆಯುವ ಉಪಾಯ ಹುಟ್ಟಿಕೊಂಡಿತು. ಆ ಗುಲಾಬಿ ಗೆರೆಯ ಅರ್ಥ ನನಗೆ ಹೊಳೆದದ್ದು ಇದನ್ನು ಓದಿದ ಮೇಲೆಯೇ.

ಈಗ ಪದಕ್ಕೆ ಬರುತ್ತೇನೆ. ‘ಬೇಟ್’ ಎಂದೊಡನೆ ನಮಗೆ ನೆನಪಾಗುವುದು ಎರೆ. ತಮಿಳಿನಲ್ಲಿ ‘ಇರೈ’, ತೆಲುಗಿನಲ್ಲಿ ‘ಎರ’. ಮೂರು ಭಾಷೆಗಳಲ್ಲಿಯೂ ಪ್ರಾಣಿಯ ತಿನಿಸು ಎಂಬುದೇ ಮೂಲಾರ್ಥವಾಗಿ, ಅದರಿಂದ ಗಾಳಕ್ಕೆ ಚುಚ್ಚುವ ತಿನಿಸು ಎಂಬ ಅರ್ಥ ಬಂದಿದೆ. ಎರೆಹುಳು ಎಂಬ ಹೆಸರಿನಲ್ಲಿಯೂ ನಮ್ಮ ಕಿವಿಗೆ ಕೇಳುವುದು ಈ ಎರೆಯೇ. ನಮ್ಮ ಕಡೆ ‘ಎರಿ’ ಎಂದರೆ ಮೊದಲು ಕಣ್ಣಿಗೆ ಬರುವುದು ಕರಿಮಣ್ಣಿನ ಹೊಲ. ಎರಿ ಹೊಲವೋ ಮಸಾರಿಯೋ ಎಂದು ಕೇಳದೆ ಇಲ್ಲಿ ಭೂಮಿಯ ವ್ಯವಹಾರ ನಡೆಯುವುದಿಲ್ಲ. ಆದರೂ ದಂಡೆಯ ಮೇಲೆ ಕುಳಿತವನು ‘ಎರಿ ಚುಚ್ಚು’ ಎಂದರೆ ಯಾರೂ ಮಣ್ಣು ಹುಡುಕಲು ಹೋಗುವುದಿಲ್ಲ. ಇನ್ನೊಂದು ವಿಚಿತ್ರವೆಂದರೆ, ಈ ಮೆತ್ತನೆಯ ಮೀನುಗಳನ್ನು ಮಾಡುವುದು ಬಿಸಿ ಪ್ಲಾಸ್ಟಿಕ್ ರಸವನ್ನು ಅಚ್ಚಿಗೆ ಎರೆದು. ಆ ಎರೆಯುವುದು, ಎರಕ ಎಂಬ ಮಾತುಗಳು ಹಳಗನ್ನಡದಲ್ಲಿ ಶಕಟರೇಫದ, ಎಂದರೆ ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರದ, ‘ಎಱೆ’ಯಿಂದ ಬಂದವು, ತಿನಿಸಿನ ಎರೆಗೆ ಸಾದಾ ರೇಫ, ಎಂದರೆ ‘ರ’. ಶಕಟರೇಫ ಬಿದ್ದುಹೋದ ಮೇಲೆ ಎರಡೂ ಒಂದೇ ಬರಹದಲ್ಲಿ ಬಂದು ಕುಳಿತಿರುವುದರಿಂದ ‘ಎರೆದ ಎರೆ’ ಎಂದು ಬರೆದರೆ ಶ್ಲೇಷೆಯಾದೀತೇ ಹೊರತು ವ್ಯುತ್ಪತ್ತಿಯಾಗದು.

ನನ್ನ ನಿಜವಾದ ತೊಡಕು ಬೇರೆ. ಎರೆ ಎಂದರೆ ತಿನ್ನಲು ಬರುವಂಥದ್ದು. ಮೀನು ಅದನ್ನು ನಂಬಿ ಕಚ್ಚಿದಾಗ ಕೊಕ್ಕೆ ಮೋಸವಾಗಿರಬಹುದು, ತಿನಿಸು ಮಾತ್ರ ಮೋಸವಲ್ಲ. ಸ್ವಿಮ್‌ಬೇಟಿನಲ್ಲಿ ತಿನಿಸೇ ಸುಳ್ಳು. ಇಂಗ್ಲಿಷಿನವರು ತಿನ್ನುವ ಎರೆಗೆ ‘ಬೇಟ್’, ಹುಸಿ ಎರೆಗೆ ‘ಲ್ಯೂರ್’ ಎಂದು ಬೇರ್ಪಡಿಸಿಯೂ, ಈ ಒಂದು ಲ್ಯೂರಿಗೆ ಬೇಟ್ ಎಂಬ ಬಾಲ ಅಂಟಿಸಿ ತಾವೇ ಗೊಂದಲ ಮಾಡಿಕೊಂಡಿದ್ದಾರೆ. ಆ ಗೊಂದಲವನ್ನು ನಾವೂ ಹೊತ್ತು ತರಬೇಕಾಗಿಲ್ಲ. ಈ ಭೇದ ಕೇವಲ ನಿಘಂಟುಕಾರರ ಚಪಲವಲ್ಲ. ಜಾರ್ಜ್ ಪೆರಿ ಎಂಬವರು 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದಲ್ಲಿ ಹಿಡಿದ ಬ್ಯಾಸ್ 22 ಪೌಂಡ್ 4 ಔನ್ಸ್, ಎಂದರೆ ಸುಮಾರು 10 ಕಿಲೊ, ತೂಗಿ ವಿಶ್ವದಾಖಲೆಯಾಯಿತು. 77 ವರ್ಷಗಳ ಮೇಲೆ, 2009ರ ಜುಲೈ 2ರಂದು, ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದದ್ದು ಅದಕ್ಕಿಂತ ತುಸು ಹೆಚ್ಚು ತೂಗಿತು, ಆ ಹೆಚ್ಚಳ ಒಂದು ಔನ್ಸಿಗಿಂತಲೂ ಕಡಿಮೆ. ದಾಖಲೆ ಮುರಿಯಲು ಎರಡು ಔನ್ಸಾದರೂ ಮೀರಬೇಕೆಂಬ ನಿಯಮವಿರುವುದರಿಂದ ಇಬ್ಬರದೂ ಸಮ ಎಂದು ಬರೆದುಕೊಂಡಿದ್ದಾರೆ. ಪೆರಿಯವರು ಗಾಳಕ್ಕೆ ಕಟ್ಟಿದ್ದು ಹುಸಿಮೀನು, ಕುರಿಟಾ ಹಾಕಿದ್ದು ಜೀವಂತ ಬ್ಲೂಗಿಲ್ ಮೀನು. ಎರಡನ್ನೂ ಎರೆ ಎಂದು ಬರೆದುಬಿಟ್ಟರೆ, ಗಾಳದವರು ಇಂದಿಗೂ ಯಾವುದರ ಮೇಲೆ ವಾದ ಮಾಡುತ್ತಾರೋ ಆ ಅಂಶವೇ ಕನ್ನಡದ ಓದುಗನಿಗೆ ಕಾಣದೆ ಹೋಗುತ್ತದೆ.

‘ಆಮಿಷ’ವನ್ನು ಒಬ್ಬ ಸಹೋದ್ಯೋಗಿ ಸೂಚಿಸಿದರು. ಸಂಸ್ಕೃತದಲ್ಲಿ ಅದಕ್ಕೆ ಮಾಂಸವೆಂದೇ ಅರ್ಥ; ಗಾಳದ ಮಾಂಸದಿಂದ ಹೊರಟು ಇಂದು ಪತ್ರಿಕೆಗಳಲ್ಲಿ ಮತದಾರರಿಗೆ ಹಂಚುವ ಸೀರೆ, ಕುಕ್ಕರಿನವರೆಗೆ ಬಂದಿದೆ. ಪ್ಲಾಸ್ಟಿಕ್ಕಿನ ಮೀನನ್ನು ಹಾಗೆ ಕರೆದರೆ ಅದು ನಿರಾಮಿಷವಾದ ಆಮಿಷವಾದೀತು. ನಗು ಬರುತ್ತದೆ, ಕೆಲಸಕ್ಕೆ ಬಾರದು.

ಹಳಗನ್ನಡದ ‘ದೀವ’ ನನ್ನನ್ನು ಹೆಚ್ಚು ದಿನ ಹಿಡಿದಿಟ್ಟಿತು. ಬೇಟೆಗಾರರು ಕಾಡಿನ ಮೃಗವನ್ನು ಹತ್ತಿರ ಸೆಳೆಯಲು ಮುಂದೆ ಬಿಡುತ್ತಿದ್ದ ಪಳಗಿದ ಮೃಗಕ್ಕೆ ದೀವವೆಂದೂ ದೀಹವೆಂದೂ ಹೆಸರು. ‘ದೀವಮೀನು’ ಎಂದರೆ ಕಿವಿಗೆ ಇಂಪಾಗಿದೆ, ಮೋಸದ ಅರ್ಥವೂ ಒಳಗೇ ಇದೆ. ಆದರೆ ದೀವ ಸೆಳೆಯುವುದು ತನ್ನ ಜಾತಿಯವರನ್ನು. ಹುಲ್ಲೆಯನ್ನು ಕಂಡು ಹುಲ್ಲೆ ಸ್ನೇಹಕ್ಕೆ ಬರುತ್ತದೆ. ಇಲ್ಲಿಯೋ ಬ್ಯಾಸ್ ಬರುವುದು ನುಂಗಲು. ತನ್ನ ಮೈಯ ಮೂರನೆಯ ಒಂದು ಪಾಲಿನಷ್ಟಿರುವ ಮೀನನ್ನು, ಕಣ್ಣಿನ ಹಿಂದಕ್ಕೂ ಸೀಳಿದ ಆ ದೊಡ್ಡ ಬಾಯಿ ತೆರೆದು, ನೀರಿನ ಸಮೇತ ಒಳಗೆ ಸೆಳೆದುಕೊಳ್ಳುವ ಜೀವ ಅದು. ಸ್ನೇಹದ ಪದವನ್ನು ಹಸಿವಿನ ಜಾಗದಲ್ಲಿ ಕೂರಿಸಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ಹಿನ್ನೀರಿನಲ್ಲಿ ಹರಗೋಲು ಹಾಕಿ ಬಲೆ ಬಿಡುವ ಹಿರಿಯರೊಬ್ಬರ ಮುಂದೆ ಆ ವಸ್ತುವನ್ನೇ ಇಟ್ಟೆವು. ಅವರು ಬಾಲವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, ಮೂಸಿ ನೋಡಿ, ‘ಇದು ಎರಿ ಅಲ್ಲ ಬಿಡ್ರಿ ಮಾಸ್ತರ, ವಾಸನಿನ ಇಲ್ಲ. ಗೊಂಬಿ ಐತಿ’ ಎಂದರು. ಎರೆಗೆ ವಾಸನೆ ಬೇಕು ಎಂಬ ಈ ಲಕ್ಷಣವನ್ನು ನಾನು ಯಾವ ನಿಘಂಟಿನಲ್ಲಿಯೂ ಹುಡುಕಿರಲಿಲ್ಲ. ಅಳಿಯ, ‘ಯಜ್ಜ, ಹೊಲದಾಗಿನ ಬೆದರಗೊಂಬಿ ಹಂಗ?’ ಎಂದು ಕೇಳಿದ್ದಕ್ಕೆ, ‘ಅದು ಬೆದರಸ್ತೈತಿ, ಇದು ಕರೀತೈತಿ’ ಎಂದರು. ‘ಕರೆಗೊಂಬೆ’ ಎಂಬ ಪದ ಅಲ್ಲೇ ನನ್ನ ತಲೆಯಲ್ಲಿ ಹುಟ್ಟಿತಾದರೂ, ಅದು ಅವರು ಆಡಿದ ಪದವಲ್ಲ, ಅವರ ಮಾತಿನಿಂದ ನಾನು ಹೆಣೆದದ್ದು ಎಂಬುದನ್ನು ಸ್ಪಷ್ಟಪಡಿಸಬೇಕು.

ಅಳಿಯನ ಗೆಳೆಯರಲ್ಲಿ ಇನ್ನೊಂದು ರೂಢಿ ಕಂಡೆ. ನಮ್ಮ ಕಡೆಯ ನೀರಿನಲ್ಲಿ ಬ್ಯಾಸ್ ಇಲ್ಲ. ಹೊಂಚುಹಾಕಿ ಎರಗುವ ಮೀನೆಂದರೆ ಕೊರವ, ಅದನ್ನೇ ಕೆಲವರು ಮರಲ್ ಎನ್ನುತ್ತಾರೆ. ಅದಕ್ಕೆ ಹಿಂದೆ ಜೀವದ ಕಪ್ಪೆಯನ್ನು ಗಾಳಕ್ಕೆ ಹಾಕುತ್ತಿದ್ದರು, ಈಗ ಪೊಳ್ಳು ರಬ್ಬರಿನ ಕಪ್ಪೆ ಬಂದಿದೆ. ಹುಡುಗರು ಅದನ್ನು ಲ್ಯೂರ್ ಎಂದೂ ಅನ್ನುವುದಿಲ್ಲ, ಎರೆ ಎಂದೂ ಅನ್ನುವುದಿಲ್ಲ. ‘ರಬ್ಬರ್ ಕಪ್ಪಿ’ ಎನ್ನುತ್ತಾರೆ. ಯಾವುದರಿಂದ ಮಾಡಿದ್ದು, ಯಾವುದರಂತೆ ಕಾಣುತ್ತದೆ, ಇಷ್ಟೇ ಸಾಕು. ಅದೇ ದಾರಿಯಲ್ಲಿ ಹೋದರೆ ನಮ್ಮದು ‘ರಬ್ಬರ್ ಮೀನು’. ಇದರ ಸರಳತೆಯ ಮುಂದೆ ನನ್ನ ದೀವವೂ ಕರೆಗೊಂಬೆಯೂ ಸ್ವಲ್ಪ ನಾಚಿದವು ಎಂದೇ ಹೇಳಬೇಕು. ಅಡ್ಡಿಯೆಂದರೆ ಕೀಲು ಹಾಕಿದ ಮರದ ಜಾತಿಗೆ ರಬ್ಬರ್ ಎಂಬುದು ಸಲ್ಲುವುದಿಲ್ಲ.

ಮೀನಿನ ಹೆಸರಿನ ಬರಹದ ಬಗ್ಗೆಯೂ ಒಂದು ಮಾತು. ಅಳಿಯ ಮೊದಲು ‘ಬಿಗ್ ಬಾಸ್ ಹಿಡಿಯುವುದು ಹೇಗೆ’ ಎಂದು ತಲೆಬರಹ ಕೊಟ್ಟಿದ್ದ. ಟಿವಿ ಕಾರ್ಯಕ್ರಮದ ಬರಹವೆಂದು ಮನೆಯವರೆಲ್ಲ ಓದಲು ಕುಳಿತರು. ಉಚ್ಚಾರಕ್ಕೂ ‘ಬ್ಯಾಸ್’ ಎಂಬುದೇ ಸರಿ. ಬ್ಯಾಸಿಗಿ, ಬ್ಯಾಸರ ಎನ್ನುವ ನಮ್ಮ ಬಾಯಿಗೆ ಅದು ಹೊಸ ಸದ್ದೂ ಅಲ್ಲ.

ಕ್ರಿಯಾಪದಗಳಲ್ಲಿ ತೊಂದರೆ ಕಡಿಮೆ. ಗಾಳ ‘ಒಗೆ’ ಎಂದು ಬರೆದಿದ್ದಾನೆ. ಮೈಸೂರು ಕಡೆಯವರು ಬಟ್ಟೆ ಒಗೆಯುವುದೆಂದು ತಿಳಿದಾರೆಂದು ‘ಎಸೆ’ ಎಂದು ತಿದ್ದಲು ಹೋದೆ, ಅವನು ಬಿಡಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಒಂದಕ್ಕೆ ಮಾತ್ರ ಪದ ಸಿಕ್ಕಿಲ್ಲ. ದೊಡ್ಡ ಬ್ಯಾಸ್ ಹುಸಿಮೀನನ್ನು ದಂಡೆಯವರೆಗೂ ಹಿಂಬಾಲಿಸಿ ಬಂದು, ಮುಟ್ಟದೆ, ತಿರುಗಿ ಹೋಗಿಬಿಡುವುದುಂಟು. ಸ್ವಿಮ್‌ಬೇಟ್ ಹಾಕುವವರಿಗೆ ಕಚ್ಚಿದ ಮೀನಿಗಿಂತ ಹೀಗೆ ಬಂದು ಹೋದ ಮೀನುಗಳ ಲೆಕ್ಕವೇ ದೊಡ್ಡದು, ಏಕೆಂದರೆ ಮೀನು ಎಲ್ಲಿ ನೆಲೆ ಮಾಡಿದೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಅಳಿಯನ ಕರಡಿನಲ್ಲಿ ಇದು ‘ಕನ್ಯಾ ನೋಡಾಕ ಬಂದಂಗ ಬಂದು ಹೋತು’ ಎಂದಿದೆ. ಅರ್ಥ ಇಷ್ಟು ಕರಾರುವಾಕ್ಕಾಗಿ ಕೂತಿರುವುದರಿಂದ ಕೆಂಪು ಶಾಯಿ ಹಾಕಲು ಕೈ ಬರಲಿಲ್ಲ.

ಆದ್ದರಿಂದ ಕೇಳುವುದಿಷ್ಟು: ತುಂಗಭದ್ರೆ, ಕೃಷ್ಣೆಯ ದಂಡೆಯಲ್ಲಾಗಲಿ, ಮಲೆನಾಡು, ಕರಾವಳಿಯಲ್ಲಾಗಲಿ, ತಿನ್ನಲು ಬಾರದ ಹುಸಿ ಎರೆಗೆ ಮೀನು ಹಿಡಿಯುವವರ ಬಾಯಲ್ಲಿ ಎರೆಯಲ್ಲದ ಬೇರೊಂದು ಹೆಸರನ್ನು ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ? ಕೇಳಿದ್ದರೆ ಊರಿನ ಹೆಸರಿನೊಂದಿಗೆ, ಯಾವ ಮೀನಿಗೆ ಯಾವುದರಿಂದ ಮಾಡಿದ್ದು ಎಂಬುದನ್ನೂ ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಅಳಿಯನ ಹಾಳೆಯಲ್ಲಿ ಮೆತ್ತನೆಯದಕ್ಕೆ ‘ರಬ್ಬರ್ ಮೀನು’, ಕೀಲಿನದಕ್ಕೆ ‘ಗೊಂಬಿಮೀನು’ ಎಂದು ಪೆನ್ಸಿಲಿನಲ್ಲಿ ಬರೆಸಿದ್ದೇನೆ.